ನಾಲಿಗೆಯಡಿಯ ಹತ್ತು ನಿಮಿಷ

ಕಿತ್ತಳೆ ಸಿಪ್ಪೆ ಅಗಿದ ಹಾಗೆ ಕಹಿ, ನಾಲಿಗೆಯಡಿ ಇನ್ನೂ ಅರ್ಧ ಮಾತ್ರೆ ಉಳಿದಿದೆ, ನುಂಗಬಾರದು, ಮಾತಾಡಬಾರದು, ಕರಗುವ ತನಕ ಹತ್ತು ನಿಮಿಷ ಬಾಯಿಗೆ ಬೀಗ ಅಂದಿದ್ದರು ಡಾಕ್ಟರು, ಬೀಗ ರಿಪೇರಿಯವನಿಗೇ ಆ ಮಾತು ಹೇಳಿ ತಾವೇ ನಕ್ಕಿದ್ದರು — ದಿನಾ ಒಂಬತ್ತಕ್ಕೆ ಮನೆಯಲ್ಲೇ ಇಟ್ಟುಕೊಳ್ಳುವವನು ಇವತ್ತು ಹೆಡ್‌ಮೇಡಂ ಈಗಲೇ ಬಾ ಅಂತ ಫೋನು ಮಾಡಿದ್ದಕ್ಕೆ ಅವರ ಮೆಟ್ಟಿಲು ಹತ್ತುತ್ತಾ ಇಟ್ಟುಕೊಂಡ, ಕೆಟ್ಟ, ಈಗ ಅವರ ಬಾಗಿಲಿಗೆ ಹೊಸ ಬೀಗ ಕೂರಿಸುತ್ತಾ ಮಂಡಿಯೂರಿದ್ದಾನೆ, ತಲೆಯ ಮೇಲೆ ಅವರ ಮಾತು ಸುರಿಯುತ್ತಲೇ ಇದೆ, ಏಳನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಅದೇ ದನಿ. ಕೇಳಿದ್ಯೇನೋ, ನಮ್ಮ ಬೀದಿ ಮೂಲೆಗೇ ಬರುತ್ತಂತೆ ಆ ಆಸ್ಪತ್ರೆ, ಡ್ರಗ್ಸ್ ಚಟದವರಿಗೆ ಇನ್ನೊಂದು ಡ್ರಗ್ಸೇ ಮಾತ್ರೆ ಮಾಡಿ ಕೊಡ್ತಾರಂತೆ, ಅದಕ್ಕೆ ಚಿಕಿತ್ಸೆ ಅಂತ ಹೆಸರು ಬೇರೆ ಕೇಡು, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ! ಹೂಂ, ಅಂದ ಮೂಗಿನಲ್ಲೇ. ಸೂಜಿ ಚುಚ್ಚಿಕೊಳ್ಳುತ್ತಿದ್ದ ನಾಲ್ಕು ವರ್ಷ ಈ ಬೀದಿಯ ಎಲ್ಲರ ಬೀಗವನ್ನೂ ಅವನೇ ಬಿಚ್ಚಿ ಕೂರಿಸಿದ್ದು, ಒಮ್ಮೆ ಇದೇ ಹೊಸ್ತಿಲಲ್ಲಿ ಸ್ಕ್ರೂಡ್ರೈವರ್ ಹಿಡಿದೇ ತೂಕಡಿಸಿ ಬಿದ್ದಾಗ ಪಾಪ ಎಷ್ಟು ದುಡೀತಾನೆ ಅಂತ ದಿಂಬು ತಂದುಕೊಟ್ಟವರು ಇವರೇ, ಯಾರ ಮನೆಯ ಚಮಚವನ್ನೂ ಮುಟ್ಟಲಿಲ್ಲ, ಮುಟ್ಟಿದ್ದೆಲ್ಲ ಹೆಂಡತಿಯದು, ಅವಳ ಬಳೆ, ಅವಳ ಹೊಲಿಗೆ ಯಂತ್ರ — ಆಮೇಲೆ ಅವಳೇ ಕೈಹಿಡಿದು ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಕರೆದೊಯ್ದಳು, ಹನ್ನೊಂದು ತಿಂಗಳಾಯಿತು, ಮಾತ್ರೆ ಯಾಕೆ, ಗಂಡಸಾದ್ರೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ ಭಾವ ಅಂದ ಭಾವಮೈದುನನಿಗೆ, ನೀನೂ ಮನಸ್ಸು ಗಟ್ಟಿ ಮಾಡ್ಕೊಂಡು ಆ ಕನ್ನಡಕ ತೆಗಿ ನೋಡೋಣ ಅಂದಳು, ತೆಗೆದ, ಬಾಗಿಲು ಅಂತ ಬೀರುವಿನೊಳಗೆ ಹೋಗುವುದರಲ್ಲಿದ್ದ. ನಗು ಬಂತು, ನಗಬಾರದು, ಎಂಜಲು ತುಂಬಿದೆ, ಕೆನ್ನೆ ಒತ್ತಿ ಹಿಡಿದ. ಏನೋ, ಹಲ್ಲುನೋವೇನೋ? ಅಯ್ಯೋ, ಹೋಗೇಬಿಟ್ಟರು ಒಳಗೆ, ಬಂದೇಬಿಟ್ಟರು ಲೋಟ ಹಿಡಿದು, ಬಿಸಿ ಉಪ್ಪುನೀರು, ಮುಕ್ಕಳಿಸು. ತಲೆಯಾಡಿಸಿದ. ಮುಕ್ಕಳಿಸು ಅಂದೆ. ಮುಕ್ಕಳಿಸಿದರೆ ಇವತ್ತಿನ ಡೋಸೇ ಮೋರಿ ಪಾಲು, ಸಂಜೆಗೆ ಮೈಕೈ ನಡುಕ, ಅವರು ಅತ್ತ ತಿರುಗಿದ ಗಳಿಗೆಯಲ್ಲಿ ಲೋಟವನ್ನು ಹೂಕುಂಡಕ್ಕೆ ಬಗ್ಗಿಸಿದ, ಗಿಡದ ಶಾಪ ತಟ್ಟದಿರಲಿ, ತುಟಿ ಒರೆಸಿಕೊಂಡ. ಆರಾಮಾಯ್ತಲ್ಲ, ಈಗ ಇಲ್ಲೊಂದು ಸಹಿ ಹಾಕು, ಆಸ್ಪತ್ರೆ ಬೇಡ ಅಂತ ಅರ್ಜಿ, ನಿನ್ನದು ನಲವತ್ತೊಂದನೇದು, ಹತ್ತು ಗಂಟೆಗೆ ಕೊಟ್ಟು ಬರ್ಬೇಕು. ಪೆನ್ನು ಕೈಗೆ ಬಂತು. ಮಾತ್ರೆ ಕರಗಿತ್ತು. ಗೀಚಿ ಹೋದರೆ ಯಾರಿಗೆ ನಷ್ಟ, ಹೇಳಿದರೆ ನಾಳೆಯಿಂದ ಈ ಬೀದಿಯಲ್ಲಿ ಯಾರು ಕೀಲಿ ಕೊಡುತ್ತಾರೆ, ಆದರೆ ಎರಡು ಬಸ್ಸು, ಬಿಸಿಲಿನಲ್ಲಿ ನಿಂತ ಅವಳು — ಮೇಡಂ, ನಾನೂ ಆ ಮಾತ್ರೆಯವನೇ, ಹನ್ನೊಂದು ತಿಂಗಳಾಯ್ತು, ಇಷ್ಟು ಹೊತ್ತು ಬಾಯಲ್ಲಿದ್ದದ್ದೂ ಅದೇ. ಅವರು ಒಂದು ಹೆಜ್ಜೆ ಹಿಂದೆ, ಇನ್ನೊಂದು, ಬಾಗಿಲು ಧಡ್, ಹೊಸ ಬೀಗ ಒಳಗಿನಿಂದ ಕಟಕ್, ಕಟಕ್, ಎರಡೂ ಸುತ್ತು. ಕೀಲಿಗಳು ಮಾತ್ರ ಇವನ ಅಂಗೈಯಲ್ಲೇ. ಬೆಲ್ಲು ಒತ್ತಲೇ, ಹೊಸ್ತಿಲಲ್ಲಿಟ್ಟು ಹೋಗಲೇ ಅನ್ನುವಷ್ಟರಲ್ಲಿ ಒಳಗೆ ಗಡಗಡ ಗಡಗಡ, ಏ, ಇದು ಬರ್ತಾ ಇಲ್ಲ ಕಣೋ! ಎಲ್ಲಿಂದ ಬರಬೇಕು, ಎರಡು ಸುತ್ತು ಹಾಕಿದರೆ ಹಿಡಿ ಮೇಲೆತ್ತಿ ತಿರುಗಿಸಬೇಕು ಅಂತ ಹೇಳಿಕೊಡಲು ಬಾಯಿ ಎಲ್ಲಿತ್ತು. ಹಿಡಿ ಮೇಲಕ್ಕೆತ್ತಿ ಮೇಡಂ. ಎತ್ತಿದೆ, ಜಗ್ಗಲ್ಲ. ಹೊಸದು, ಬಿಗಿ ಇದೆ. ಅರ್ಜಿ ಕೊಡೋಕೆ ಹೊತ್ತಾಯ್ತಲ್ಲೋ. ಕೀಲಿ ನನ್ನ ಹತ್ರ ಇದೆ, ತೆಗೀಲಾ? ಬಾಗಿಲಿನ ಇಣುಕುಗಾಜು ಕಪ್ಪಾಯಿತು, ಅದರಲ್ಲಿ ಒಂದು ಕಣ್ಣು. ಇವತ್ತಿನ ಮಾತ್ರೆ ತಗೊಂಡಿದ್ದೀಯೇನೋ? ತಗೊಂಡೆ ಮೇಡಂ, ನಿಮ್ಮ ಮುಂದೇನೇ. ಪೂರ್ತಿ ಕರಗ್ತಾ? ಪೂರ್ತಿ. ಎಲ್ಲಿ, ಆ ಅನ್ನು. ಇಣುಕುಗಾಜಿಗೆ ಮುಖವಿಟ್ಟು ಆ ಅಂದ, ನಾಲಿಗೆ ಎತ್ತಿ ತೋರಿಸಿದ, ಕಣ್ಣು ಆ ಕಡೆ ಈ ಕಡೆ ಹೊರಳಿ ನೋಡಿತು. ಸರಿ, ತೆಗಿ ಹಾಗಾದ್ರೆ. ಕೀಲಿ ತೂರಿಸಿದ, ಒಂದು ಸುತ್ತು, ಇನ್ನೊಂದು ಬಾಕಿ, ಗಾಜಿನಲ್ಲಿ ಕಣ್ಣು, ರೆಪ್ಪೆ ಬಡಿಯದೆ, ಆ ಕಣ್ಣು ಇವನ ಮೇಲೇ ಇತ್ತು.