ಹುಲ್ಲಿನಲ್ಲಿ ಉಳಿದ ಮಾರಪ್ಪ

“ಗಂಡನ್ನ ತಿಂದ್ಕಂಡು ಹದಿಮೂರು ದಿನ ಮನೇಲಿ ಕೂತಿದ್ದು ಸಾಲ್ಲಿಲ್ವೇನೇ ಮುಂಡೆ? ಬಗ್ಗಿ ಹೆರಿ. ಹನ್ನೊಂದು ಗಂಟೆಗೆ ವಿಚಾರಣೆಗೆ ಸಾಹೇಬ್ರು ಬರ್ತಾರೆ. ಅಷ್ಟೊತ್ತಿಗೆ ಇಲ್ಲಿ ಒಂದು ಎಸಳು ಹುಲ್ಲು ಕಾಣಬಾರ್ದು.”

ಮೇಸ್ತ್ರಿ ಉಮಾಮಹೇಶ್ವರ ಗುದ್ದಲಿಯನ್ನು ದ್ಯಾಮಮ್ಮನ ಕಾಲ ಬುಡಕ್ಕೆ ಎಸೆದ. ಅವಳು ಎತ್ತಿಕೊಂಡಳು, ಆದರೆ ಬಗ್ಗಲಿಲ್ಲ. ಹೆರೆಯಬೇಕಾದ ಜಾಗದಲ್ಲಿ ಅವಳ ಗಂಡ ಮಲಗಿದ್ದ.

ಮಾರಪ್ಪನನ್ನು ಕೆರೆ ದಂಡೆಯಲ್ಲಿ ಮಣ್ಣು ಮಾಡಿ ಆಗಲೇ ಹದಿಮೂರು ದಿನವಾಗಿತ್ತು. ಇಲ್ಲಿ ಮಲಗಿದ್ದು ಅವನ ಗುರುತು. ಕಳೆ ಸಾಯಿಸುವ ಔಷಧಿಯ ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡೇ ಅವನು ಬಿದ್ದಿದ್ದ. ಮುಚ್ಚಳ ಹಾರಿ ಔಷಧಿ ಸುತ್ತಲೂ ಚೆಲ್ಲಿತ್ತು. ಚೆಲ್ಲಿದಲ್ಲೆಲ್ಲ ಹುಲ್ಲು ಸುಟ್ಟು ಕಂದಾಗಿತ್ತು. ಅವನ ಮೈಯ ಕೆಳಗಿದ್ದ ಹುಲ್ಲು ಮಾತ್ರ ಬದುಕಿಕೊಂಡಿತ್ತು. ತಲೆ, ಚಾಚಿದ ಎಡಗೈ, ಮಡಚಿದ ಒಂದು ಕಾಲು, ಎಲ್ಲವೂ ಹಸಿರಾಗಿ ಎದ್ದು ಕಾಣುತ್ತಿತ್ತು. ಒಂದು ಮಳೆ ಬಿದ್ದು ಹುಲ್ಲು ಇನ್ನಷ್ಟು ಚಿಗುರಿತ್ತು. ಗಾಳಿ ಬಂದರೆ ಮಾರಪ್ಪ ಮಗ್ಗಲು ಬದಲಿಸಿದಂತೆ ಕಾಣುತ್ತಿತ್ತು. ಕೆಲಸದ ಹೆಂಗಸರು ಮೂರು ವಾರದಿಂದ ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಊಟದ ಹೊತ್ತಿಗೆ ಅಲ್ಲಿಂದ ಔಷಧಿ ಕ್ಯಾನಿನ ಪಂಪಿನ ಹಿಡಿಕೆ ಕಿರ್ ಕಿರ್ ಎನ್ನುತ್ತದೆ ಎಂದು ತುಂಗಮ್ಮ ಆಣೆ ಹಾಕಿ ಹೇಳುತ್ತಿದ್ದಳು.

ಮಾಚೇನಹಳ್ಳಿ ದಾಟಿ ಭದ್ರಾವತಿ ಕಡೆಗೆ ತಿರುಗಿದರೆ ಸಿಗುವ ಈ ಗುಡ್ಡ ರೇಣುಕಾಪ್ರಸಾದನದು. ಅವನ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಯಾವಾಗಲೋ ಊಟಿಗೆ ಹೋದವನು ಪೈನ್ ಮರಗಳ ನಡುವೆ ಮದುವೆ ಗಂಡುಹೆಣ್ಣು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿ ಬಂದಿದ್ದ. ಆ ಮರ ಇಲ್ಲೇ ಬೆಳೆಸಿದರೆ ಜನ ಅಷ್ಟು ದೂರ ಯಾಕೆ ಹೋಗುತ್ತಾರೆ ಎನ್ನುವುದು ಅವನ ಲೆಕ್ಕ. ಜೆಸಿಬಿ ಬಂತು, ಲಂಟಾನದ ಪೊದೆಗಳನ್ನು ಬೇರು ಸಮೇತ ಕಿತ್ತು ಹಾಕಿತು. ಸಾಲು ಹಿಡಿದು ಗುಂಡಿ ತೆಗೆದರು. ಪ್ರತಿ ಗುಂಡಿಯ ಸುತ್ತ ಒಂದು ಮಾರಿನಷ್ಟು ಜಾಗದಲ್ಲಿ ಮಾತ್ರ ಔಷಧಿ ಹೊಡೆದು ಕಳೆ ಸಾಯಿಸಬೇಕು, ಉಳಿದ ಹುಲ್ಲು ಮಣ್ಣು ಹಿಡಿದುಕೊಂಡಿರಲಿ ಎಂದು ಯಾರೋ ಓದಿದವರು ಹೇಳಿಕೊಟ್ಟಿದ್ದರು. ಊಟಿ ಗಿಡ ಭದ್ರಾವತಿ ಬಿಸಿಲಿಗೆ ಬದುಕುತ್ತದೆಯೇ ಎಂದು ಕೇಳುವ ಧೈರ್ಯ ಇದ್ದದ್ದು ತುಂಗಮ್ಮನಿಗೆ ಮಾತ್ರ. ಬದುಕುತ್ತೆ ಕಣೇ ಮಾರಾಯ್ತಿ, ಕೂಲಿ ಜನ ಬದುಕಿಲ್ವಾ, ಎಂದು ಅವಳೇ ಉತ್ತರವನ್ನೂ ಹೇಳಿಕೊಂಡಿದ್ದಳು.

ಔಷಧಿ ಹೊಡೆಯುವ ಪಾಳಿ ಮಾರಪ್ಪನದು. ಮೊದಲ ದಿನವೇ ಅವನು ಕ್ಯಾನು ಸೋರುತ್ತದೆ ಎಂದು ಮೇಸ್ತ್ರಿಗೆ ಹೇಳಿದ್ದ. ಮೇಸ್ತ್ರಿ ಸೈಕಲ್ ಟ್ಯೂಬಿನ ತುಂಡು ಸುತ್ತಿ ಸರಿಯಾಯಿತು ಎಂದ. ಸರಿಯಾಗಿದೆ ಎಂದೇ ದ್ಯಾಮಮ್ಮ ನಂಬಿದಳು. ಕ್ಯಾನಿನ ಭಾರಕ್ಕೆ ಗಂಡನ ಬೆನ್ನು ತರಚಬಾರದೆಂದು ತನ್ನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿಗೂ ಕ್ಯಾನಿಗೂ ನಡುವೆ ಕಟ್ಟಿದಳು. ಸಂಜೆ ಅದು ಒದ್ದೆಯಾಗಿರುತ್ತಿತ್ತು. ಬೆವರು ಎಂದುಕೊಂಡು ಒಣಗಿ ಹಾಕಿ, ಬೆಳಿಗ್ಗೆ ಮತ್ತೆ ಅದನ್ನೇ ಕಟ್ಟುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಮಾರಪ್ಪ ಗುಡ್ಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೆನ್ನು ಉರಿಯುತ್ತದೆ, ಇವತ್ತು ನನ್ನ ಕೈಲಾಗುವುದಿಲ್ಲ ಎಂದ. ಮೇಸ್ತ್ರಿ ಎಲ್ಲರೆದುರು ಅವನ ಅಪ್ಪ ಅವ್ವನನ್ನೆಲ್ಲ ಎಳೆದು ತಂದು ಬೈದ. ಆ ಅವಮಾನ ತಡೆಯಲಾರದೆ ದ್ಯಾಮಮ್ಮ ಸಿಟ್ಟನ್ನು ಬೈದವನ ಮೇಲೆ ತೋರಿಸುವ ಬದಲು ಬೈಸಿಕೊಂಡವನ ಮೇಲೆ ತೋರಿಸಿದಳು. “ಬೆನ್ನು ಉರಿತದಂತೆ ಬೆನ್ನು. ಅದ್ನೇ ಒಂದು ಲೋಟ ಕುಡ್ಕಂಡು ಸಾಯಿ, ಎಲ್ಲಾ ಉರಿನೂ ಆರ್ತದೆ.” ಹನ್ನೆರಡು ಜನ ಕೇಳಿಸಿಕೊಂಡರು. ಮಾರಪ್ಪ ಎದ್ದು ಬೆನ್ನು ಕೊಟ್ಟ. ಅವಳು ಸೀರೆ ಮಡಿಸಿ ಕಟ್ಟಿದಳು. ಮಧ್ಯಾಹ್ನ ಅವನು ಬಿದ್ದ.

ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದ ಮೇಸ್ತ್ರಿ, ಔಷಧಿ ಕುಡಿದಿದ್ದಾನೆ ಎಂದು ಬರೆಸಿದ. ಕುಡಿದಿದ್ದು ಹೌದೇ ಎಂದು ಡಾಕ್ಟರು ಕೇಳಿದಾಗ ದ್ಯಾಮಮ್ಮನ ಬಾಯಿಂದ ಇಲ್ಲ ಎನ್ನುವ ಮಾತು ಹೊರಡಲಿಲ್ಲ. ಅವಳು ಕುಡಿ ಎಂದಿದ್ದಳು, ಅವನು ಕುಡಿದಿರಬಹುದು. ಎಂಟು ದಿನ ಮಾರಪ್ಪ ಮುಖಕ್ಕೆ ಗಾಳಿಯ ಮುಚ್ಚಳ ಹಾಕಿಕೊಂಡು ಏದುಸಿರು ಬಿಟ್ಟ. ಏನೋ ಹೇಳಲು ನೋಡುತ್ತಿದ್ದ, ಗಂಟಲು ಬಿಡಲಿಲ್ಲ. ಕೊನೆಗೆ ಅವಳ ಕೈಯನ್ನು ತನ್ನ ಬೆನ್ನಿನ ಕಡೆಗೆ ಎಳೆದ. ತುರಿಸು ಎನ್ನುತ್ತಾನೇನೋ ಎಂದುಕೊಂಡಳು.

ವಿಷ ಕುಡಿದು ಸತ್ತವರಿಗೆ ಅವರ ಕೇರಿಯಲ್ಲಿ ಹಿರಿಯರ ಸಾಲಿನಲ್ಲಿ ಎಡೆ ಇಡುವುದಿಲ್ಲ. ಹೊಸಿಲಿನಾಚೆ ಇಡುತ್ತಾರೆ. ನಾಯಿ ಬಂದು ಮುಟ್ಟಿದರೂ ಓಡಿಸುವುದಿಲ್ಲ. ಮಾರಪ್ಪನ ಎಡೆಯನ್ನೂ ಹಾಗೇ ಇಟ್ಟರು. ಅವನಿಗೆ ಪ್ರಿಯವಾದ ಹುರುಳಿ ಸಾರನ್ನು ನಾಯಿ ನೆಕ್ಕುವುದನ್ನು ದ್ಯಾಮಮ್ಮ ಒಳಗಿನಿಂದ ನೋಡಿದಳು. ಅಂದಿನಿಂದ ಅವಳಿಗೆ ಹೊಸಿಲು ದಾಟುವಾಗಲೆಲ್ಲ ಯಾರೋ ಹೊರಗೆ ಕೂತು ಕಾಯುತ್ತಿರುವಂತೆ ಅನ್ನಿಸುತ್ತಿತ್ತು.

ಇವತ್ತು ಗುದ್ದಲಿ ಹಿಡಿದು ಹಸಿರು ಗಂಡನ ಎದುರು ನಿಂತವಳು ಸುಮ್ಮನೆ ಮೇಲಕ್ಕೆ ನೋಡಿದಳು. ಗುಡ್ಡದ ತುಂಬ ಸುಟ್ಟ ಬಳೆಗಳು, ಪ್ರತಿ ಬಳೆಯ ನಡುವೆ ಒಂದು ಗುಂಡಿ. ಅಷ್ಟೇ ಇರಬೇಕಿತ್ತು. ಆದರೆ ಒಂದು ಬಳೆಯಿಂದ ಇನ್ನೊಂದಕ್ಕೆ ಬೆರಳಗಲದ ಕಂದು ಗೆರೆ ಹೋಗಿತ್ತು. ಮಾರಪ್ಪ ನಡೆದಲ್ಲೆಲ್ಲ ಆ ಗೆರೆ ನಡೆದಿತ್ತು. ಬೀಡಿ ಸೇದಲು ಕೂತ ಬಂಡೆಯ ಹತ್ತಿರ ಅಂಗೈಯಷ್ಟು ಹುಲ್ಲು ಸತ್ತಿತ್ತು. ನೀರು ತುಂಬಿಸುವ ಡ್ರಮ್ಮಿನ ತನಕ ಹೋಗಿ, ತಿರುಗಿ ಬಂದು, ಸಾಲು ಸಾಲು ಇಳಿದು, ಅವನು ಬಿದ್ದಲ್ಲಿ ಬಂದು ನಿಂತಿತ್ತು.

ನಾಲ್ಕು ದಿನವೂ ಕ್ಯಾನು ಅವನ ಬೆನ್ನ ಮೇಲೆ ಸೋರಿತ್ತು. ಅವನು ಕುಡಿದಿರಲಿಲ್ಲ. ದ್ಯಾಮಮ್ಮನ ಎದೆಯ ಮೇಲಿನ ಕಲ್ಲು ಸರಿಯಿತು, ಸರಿದ ಕ್ಷಣಕ್ಕೇ ಇನ್ನೊಂದು ಬಂದು ಕೂತಿತು. ಕುಡಿದದ್ದು ಅವಳ ಸೀರೆ. ಔಷಧಿಯನ್ನು ಹೀರಿಕೊಂಡು ದಿನವಿಡೀ ಬೆನ್ನಿಗೆ ಒತ್ತಿ ಹಿಡಿದದ್ದು ಅವಳು ಕಟ್ಟಿದ ಆ ನಾಲ್ಕು ಮಡಿಕೆ. ಅವನು ಅವಳ ಕೈಯನ್ನು ಎಳೆದು ತೋರಿಸಿದ್ದು ಅದನ್ನೇ. ಅವಳು ಗುದ್ದಲಿಯ ಕಾವಿಗೆ ಹಣೆ ಆನಿಸಿದಳು.

ಆಮೇಲೆ ತಾನು ಹೆರೆಯುವುದಿಲ್ಲ ಎಂದಳು. ಸಾಹೇಬರು ಬಂದು ಇದನ್ನು ನೋಡಲಿ, ಆಮೇಲೆ ಬೇಕಾದ್ದು ಮಾಡಿ ಎಂದಳು. ಉಮಾಮಹೇಶ್ವರ ಬೇರೆ ಹೆಂಗಸರನ್ನು ಕರೆದ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವನೇ ಪ್ಯಾಂಟು ಮಡಚಿ ಗುದ್ದಲಿ ಕಿತ್ತುಕೊಂಡ. ತಡೆಯಲು ಹೋದ ದ್ಯಾಮಮ್ಮನ ಎದೆಗೆ ಕೈಹಾಕಿ ತಳ್ಳಿದ. ಮೊದಲು ಕಾಲು ಹೆರೆದ, ಆಮೇಲೆ ಹೊಟ್ಟೆ, ಆಮೇಲೆ ಕೈ. ತಲೆಯ ಹತ್ತಿರ ಬಂದಾಗ ಅವನೂ ಒಂದು ಗಳಿಗೆ ನಿಂತ. ಮತ್ತೆ ಹೆರೆದ. ಗೆರೆಯನ್ನೂ ಸಿಕ್ಕಿದಷ್ಟು ದೂರ ಕೆದಕಿ ಹಾಕಿದ. ತುಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಮಾರಪ್ಪನ ಸಾವಿನ ವಿಚಾರಣೆಗೆ ಬಂದ ಸಾಹೇಬ ತ್ರಿವಿಕ್ರಮ ಗುಡ್ಡ ಹತ್ತಲಿಲ್ಲ. ಗುಡ್ಡದ ಕೆಳಗೆ ರೇಣುಕಾಪ್ರಸಾದ ಕಟ್ಟಿಸಿದ ಹೊಸ ಕಾಟೇಜಿನ ಮುಂದೆ, ಬೆಂಗಳೂರಿನಿಂದ ಚಾಪೆಯ ಹಾಗೆ ಸುರುಳಿ ಸುತ್ತಿ ತಂದು ಹಾಸಿದ ಹುಲ್ಲಿನ ಮೇಲೆ, ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿದ. ದ್ಯಾಮಮ್ಮನನ್ನು ಕರೆಸಿದರು. ಹುಲ್ಲು ತುಳಿಯಬೇಡ, ಅಲ್ಲೇ ಕಲ್ಲಿನ ಮೇಲೆ ನಿಂತ್ಕೋ ಎಂದು ಮೇಸ್ತ್ರಿ ಹೇಳಿದ.

ರೇಣುಕಾಪ್ರಸಾದ ಬೈಯುವವನಲ್ಲ. ಬೈಯುವುದಕ್ಕೆ ಸಂಬಳ ಕೊಟ್ಟು ಮೇಸ್ತ್ರಿಯನ್ನು ಇಟ್ಟಿದ್ದ. “ನೋಡಮ್ಮ, ಹೋದೋನು ಬರಲ್ಲ. ಸಾಹೇಬ್ರು ಬರ್ಕೊಂಡ್ ಬಂದಿದ್ದಾರೆ. ಮನೇಲಿ ಜಗಳ ಆಯ್ತು, ಬೇಜಾರಲ್ಲಿ ಕುಡ್ದ ಅಂತ. ನೀನು ಆಡಿದ ಮಾತು ಹನ್ನೆರಡು ಜನ ಕೇಳಿದ್ದಾರೆ. ಒಂದು ಹೆಬ್ಬೆಟ್ಟು ಒತ್ತು, ಎಲ್ಲಾ ಮುಗೀತದೆ.”

ಕ್ಯಾನು ಸೋರುತ್ತಿತ್ತು ಎಂದಳು ದ್ಯಾಮಮ್ಮ. ಅದಕ್ಕೆ ಸಾಕ್ಷಿ ಏನು ಎಂದು ಸಾಹೇಬ ಕೇಳಿದ. ಹುಲ್ಲು ಎಂದಳು. ಯಾವ ಹುಲ್ಲು ಎಂದು ಅವನು ಮೇಲೆ ನೋಡಿದ. ಕೆಳಗಿನಿಂದ ಗುಡ್ಡದ ಮೇಲೆ ಗುಂಡಿಯ ಸುತ್ತಲಿನ ಸುಟ್ಟ ಬಳೆಗಳು, ಹೆರೆದ ಕೆಂಪು ಮಣ್ಣು ಬಿಟ್ಟರೆ ಏನೂ ಕಾಣಲಿಲ್ಲ. ಮೇಸ್ತ್ರಿ ಹಲ್ಲು ಬಿಟ್ಟು, ದುಃಖದಲ್ಲಿ ಏನೇನೋ ಅಂತಾಳೆ ಸಾರ್ ಎಂದ. ಸಾಹೇಬ ಶಾಯಿಯ ಡಬ್ಬಿ ತೆಗೆದಿಟ್ಟ.

ಆ ಹೊತ್ತಿಗೆ ಔಷಧಿ ತುಂಬಿಸಿಕೊಂಡು ಚಂದ್ರಹಾಸ ಕಾಟೇಜಿನ ಬದಿಯ ದಾರಿಯಲ್ಲಿ ಗುಡ್ಡ ಹತ್ತಲು ಹೊರಟಿದ್ದ. ನಿಂತುಹೋಗಿದ್ದ ಮಾರಪ್ಪನ ಪಾಳಿ ಇವತ್ತಿನಿಂದ ಅವನದು, ಕ್ಯಾನೂ ಅದೇ. ಒಬ್ಬ ಸತ್ತ ಎಂದು ಹೊಸ ಕ್ಯಾನು ತರುವ ಪದ್ಧತಿ ಆ ತೋಟದಲ್ಲಿ ಇರಲಿಲ್ಲ. ಚಂದ್ರಹಾಸನ ಬೆನ್ನಿಗೂ ಕ್ಯಾನಿಗೂ ನಡುವೆ ಮಡಚಿದ ಟವೆಲು ಇತ್ತು, ಅವನ ಹೆಂಡತಿ ಕಟ್ಟಿದ್ದು.

ಅದನ್ನು ಕಂಡದ್ದೇ ದ್ಯಾಮಮ್ಮ ಓಡಿದಳು. ಹಿಂದಿನಿಂದ ಪಟ್ಟಿ ಬಿಚ್ಚಿ ಕ್ಯಾನನ್ನು ನೆಲಕ್ಕೆ ಎಳೆದು ಹಾಕಿದಳು. ಟವೆಲನ್ನು ಎರಡು ಬೆರಳಲ್ಲಿ ಹಿಡಿದು ಎಸೆದಳು. ಹೋಗು, ಅಂಗಿ ಬಿಚ್ಚಿ ಸೋಪು ಹಾಕಿ ಬೆನ್ನು ತೊಳಕೋ ಎಂದು ಅವನನ್ನು ದಬ್ಬಿದಳು. ಆಮೇಲೆ ಕ್ಯಾನಿನ ಪಟ್ಟಿ ಹಿಡಿದು ಎಳೆದುಕೊಂಡು ಬಂದಳು. ಕಲ್ಲು ಹಾಸಿನ ಮೇಲೆ ನಿಲ್ಲಲಿಲ್ಲ. ನೇರ ಬೆಂಗಳೂರಿನ ಹುಲ್ಲಿನ ಮೇಲೆ ಕಾಲಿಟ್ಟು, ಗೇಟಿನಿಂದ ಮೆಟ್ಟಿಲ ತನಕ, ಮೆಟ್ಟಿಲಿನಿಂದ ಸಾಹೇಬನ ಕುರ್ಚಿಯ ತನಕ ಎಳೆದಳು. ಬುಡದಿಂದ ಔಷಧಿ ತೊಟ್ಟಿಕ್ಕುತ್ತಲೇ ಇತ್ತು.

“ಸೂಳೆಮುಂಡೆ, ಲಾನು ಹಾಳಾಯ್ತಲ್ಲೇ.” ಈ ಸಲ ಬೈಗುಳ ರೇಣುಕಾಪ್ರಸಾದನ ಬಾಯಿಂದಲೇ ಬಂತು.

“ಮೂರು ದಿನ ತಡೀರಿ ಸಾರ್. ನೀವು ಕೇಳಿದ ಸಾಕ್ಷಿ ಇಲ್ಲೇ ಏಳ್ತದೆ.” ಅವಳು ಏದುಸಿರು ಬಿಡುತ್ತಿದ್ದಳು. “ಸಾಯಿ ಅಂದಿದ್ದು ನಾನೇ, ಬರ್ಕಳಿ. ಬೆನ್ನಿಗೆ ಬಟ್ಟೆ ಕಟ್ಟಿ ವಿಷ ಕುಡಿಸಿದ್ದೂ ನಾನೇ, ಅದನ್ನೂ ಬರ್ಕಳಿ, ಹೆಬ್ಬೆಟ್ಟು ಒತ್ತೀನಿ. ಕ್ಯಾನು ಯಾರ್ದು ಅಂತಾನೂ ಬರ್ಕಳಿ. ನನ್ನ ಗಂಡ ಕುಡೀಲಿಲ್ಲ.”

ಸಾಹೇಬನ ಪೆನ್ನು ಅಲ್ಲಾಡಲಿಲ್ಲ. ದ್ಯಾಮಮ್ಮ ಆ ಹುಲ್ಲಿನ ಮೇಲೆಯೇ ಕಾಲು ಚಾಚಿ ಕೂತಳು. ಗುಡ್ಡದಿಂದ ಇಳಿದು ಬಂದ ತುಂಗಮ್ಮ ಅವಳ ಪಕ್ಕಕ್ಕೆ ಕೂತಳು. ಅವಳ ಹಿಂದೆ ಬಂದವರು ಒಬ್ಬೊಬ್ಬರಾಗಿ, ಗುದ್ದಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಏಳಿ ಎಂದು ಹೇಳಬೇಕಾದ ಮೇಸ್ತ್ರಿ ಪೈಪು ತಂದು ಔಷಧಿ ತೊಳೆಯಲು ನೀರು ಬಿಟ್ಟ. ನೀರು ಹರಿದಲ್ಲೆಲ್ಲ ಔಷಧಿಯೂ ಹರಿಯಿತು. ಅದು ಕುರ್ಚಿಯ ಬುಡಕ್ಕೆ ಬಂದಾಗ ಸಾಹೇಬ ಎರಡೂ ಕಾಲುಗಳನ್ನು ಮೇಲೆತ್ತಿಕೊಂಡ.