ಡೋರೀನಳ ಹೆಸರಿಲ್ಲದ ಸಾಲು

ಪರದೆಯ ಮೇಲೆ ನೊಣ ಕೂತಿದೆ ಎಂದು ರಾಜೇಶ್ವರಿ ಬೆರಳು ಚಾಚಿದರೆ ಅದು ನೊಣವಲ್ಲ, ಯಾರೋ ಬರೆದ ಸಾಲಿನ ಕೊನೆಯ ಚುಕ್ಕಿ, ಅದೂ ಮೇಲೆ ಸರಿದುಹೋಯಿತು, ಅದರ ಬೆನ್ನಿಗೇ ಇನ್ನೊಂದು ಸಾಲು, ಮತ್ತೊಂದು, ಸಂತೆ ಬಿಟ್ಟ ಮಂದಿಯ ಹಾಗೆ — ಆಟ ಶುರುವಾಗಿ ಇಪ್ಪತ್ತು ನಿಮಿಷವಾಗಿದೆ, ಆಸ್ಟ್ರೇಲಿಯಾದ ಫುಟ್‌ಬಾಲು, ತತ್ತಿಯಂಥ ಚೆಂಡಿನದು, ಈ ಸೀಜನ್ನಿನ ಮೊದಲ ಪಂದ್ಯ, ಅಲ್ಲಿ ಕತ್ತಲಾಗಿ ಮೈದಾನಕ್ಕೆ ದೀಪ ಹಾಕಿದ್ದಾರೆ, ಇಲ್ಲಿ ಚಿಂಚೋಳಿಯ ಚಂದಾಪುರದಲ್ಲಿ ಇನ್ನೂ ಮಧ್ಯಾಹ್ನ ಎರಡೂವರೆ, ರಸಗೊಬ್ಬರದ ಅಂಗಡಿಯ ಮೇಲಿನ ಈ ಆಫೀಸಿನಲ್ಲಿ ಎಸಿ ಕೆಟ್ಟು ನಾಲ್ಕು ದಿನ, ಕಾಲಡಿಯ ಶಹಾಬಾದಿ ಪರಸಿಕಲ್ಲೊಂದೇ ತಂಪು, ಚಪ್ಪಲಿ ಬಿಟ್ಟು ಅಂಗಾಲು ಊರಿ ಕೂತಿದ್ದಾಳೆ. ಆಟ ಅವಳಿಗೆ ಕಾಣುವುದಿಲ್ಲ, ಆಟ ನೋಡುವವರು ಬರೆದದ್ದು ಮಾತ್ರ ಕಾಣುತ್ತದೆ, ಒಂದೊಂದನ್ನೂ ಓದಿ ಮೂರರಲ್ಲಿ ಒಂದು ಗುಂಡಿ ಒತ್ತಬೇಕು, ಇರಲಿ, ತೆಗೆ, ಮೇಲಕ್ಕೆ ಕಳಿಸು, ಒಂದಕ್ಕೆ ಎಂಟು ಸೆಕೆಂಡು, ಎರಡು ವರ್ಷದಿಂದ ಇದೇ ಕೆಲಸ. ಬರೆಯುವುದು ಇಂಗ್ಲಿಷಿನಲ್ಲೇ ಆದರೂ ಅವಳ ತಲೆಯೊಳಗೆ ಅವರೆಲ್ಲ ಕಾಳಗಿ ಬಸ್‌ಸ್ಟ್ಯಾಂಡಿನ ಮಂದಿಯಾಗಿಬಿಡುತ್ತಾರೆ, ಆ ಅಂಪೈರಗ ಕಣ್ಣಿನ ಡಾಕ್ಟರ್ ಬಲ್ಲಿ ಒಯ್ರೋ ಯಾರರ — ಇರಲಿ — ನಮ್ಮ ಆಯಿ ಮಂಡಿ ಆಪರೇಶನ್ ಆದ ಮ್ಯಾಲೂ ಇದಕ್ಕಿಂತ ಛಂದ ಒದಿತಾಳ — ಇರಲಿ — ಈ ವರ್ಷದ್ದು ಮುಗೀತು, ಇನ್ನ ಬರೋ ವರ್ಷ ಭೆಟ್ಟಿ ಆಗೋಣು — ಇರಲಿ, ಮೊದಲ ಪಂದ್ಯದ ನಾಲ್ಕು ಕಾಲಾಟಗಳಲ್ಲಿ ಮೊದಲನೆಯದರಲ್ಲೇ ವರ್ಷ ಮುಗಿಸಿ ಕೂತಿದ್ದಾನೆ ಪಾಪ — ನಾ ಸತ್ತೆ, ಹೂಳಿಬಿಡ್ರಿ ನನಗ, ನಮ್ಮ ಟೀಮಿನ ನೀಲಿ ಅಂಗಿ ಮಾತ್ರ ಹಾಕಬ್ಯಾಡ್ರಿ. ಇದಕ್ಕೂ ಇರಲಿ. ಸೇರಿದ ಹೊಸತರಲ್ಲಿ ಇಂಥವನ್ನೆಲ್ಲ ನಿಜವೆಂದು ಗಾಬರಿಯಾಗಿ ಮೇಲಕ್ಕೆ, ಹೈದರಾಬಾದಿನ ಆಫೀಸಿಗೆ, ಕಳಿಸಿದ್ದಳು, ಒಂದೇ ದಿನ ಹದಿನೇಳು, ಸೇಡಂನ ಶರಣಕುಮಾರ, ಇವರ ಮೇಲಿನವನು, ಕುರ್ಚಿ ಎಳೆದುಕೊಂಡು ಬಂದು ಕೂತು, ಏನವಾ ತಂಗಿ, ಈ ಮಂದಿ ವಾರಕ್ಕೊಮ್ಮೆ ಸಾಯ್ತಾರ, ಶನಿವಾರ ಮತ್ತ ಎದ್ದು ಬರ್ತಾರ, ನೀ ಎಷ್ಟು ಮಂದಿಗಿ ಅಳತಿ? ಪಕ್ಕದ ಸೀಟಿನ ಯಶೋಧರಾ ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕಿದ್ದಳು, ರಾಜಕ್ಕ ಎಲ್ಲಾರ್ದೂ ಮಣ್ಣಿಗಿ ಹೋಗಿಬರ್ತಾಳ್ರೀ ಸರ.

ಆಮೇಲೆ ಕೈ ಪಳಗಿತು, ಕಣ್ಣಿಗಿಂತ ಮುಂಚೆ ಬೆರಳು ಓದತೊಡಗಿತು, ಆದರೆ ಕಿವಿ ಪಳಗಲಿಲ್ಲ, ಕಿವಿಯನ್ನು ಅಪ್ಪ ಮೊದಲೇ ಪಳಗಿಸಿಬಿಟ್ಟಿದ್ದರು, ಗುಂಡಗುರ್ತಿಯಲ್ಲಿ, ಬೆಳಗಿನ ಪೂಜೆ ಮುಗಿದು ಹಣೆಯ ಮೇಲೆ ವಿಭೂತಿ ಹಸಿಯಾಗಿರುವಾಗಲೇ ಅಪ್ಪ ಗುರುಲಿಂಗಯ್ಯ ವಚನ ಹೇಳುತ್ತಿದ್ದರು, ಅವಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಕೇಳುತ್ತಿದ್ದಳು, ಕೊನೆಗೆ ಬಂದಾಗ ಅಪ್ಪ ನಿಲ್ಲಿಸುವರು, ಬೆರಳೆತ್ತುವರು, ಅಂಕಿತ ಇವಳೇ ಹೇಳಬೇಕು, ಹೇಳದಿದ್ದರೆ, ಯಾರಿಗಿ ಹೇಳ್ಯಾರವಾ ಇದು, ಮಾತು ಯಾರ ಕಡಿ ಹೊಂಟದ, ಅದು ತಿಳೀಲಾರದ ಏನು ಕೇಳ್ದಿ ನೀ? — ಹಾಗಾಗಿ ಯಾವ ಮಾತಾದರೂ ಅವಳ ಕಿವಿ ಅದರ ಕೊನೆಗಾಗಿ ಕಾಯುತ್ತದೆ, ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ಜಗಳಾಡಿದರೂ ಕೊನೆಯ ಶಬ್ದದ ತನಕ ಕಾಯುತ್ತದೆ, ಈ ಸಾವಿರಾರು ಸಾಲುಗಳಲ್ಲೂ ಕಾಯುತ್ತಿತ್ತು, ಯಾವುದಕ್ಕೂ ಕೊನೆಯಿರಲಿಲ್ಲ, ಬೈದು ಓಡುವ ಮಾತುಗಳೇ ಎಲ್ಲ, ಬೇಲಿಕಂಬ ಸಿಗುವ ತನಕ. ಬೇಲಿಕಂಬ ಎಂಬುದು ಅವನು ತಾನೇ ಇಟ್ಟುಕೊಂಡ ಹೆಸರು, ನೀಲಿ ಅಂಗಿಯವರ ಕಡೆಯವನು, ಎಪ್ಪತ್ತು ದಾಟಿದ ಮುದುಕ, ಹಳ್ಳಿಗಾಡಿನವನು, ಪಂದ್ಯಕ್ಕೆ ಆರೇಳು ಸಾಲು ಬರೆಯುತ್ತಾನೆ, ಪ್ರತಿ ಸಾಲಿನ ಕೊನೆಗೂ ಹೆಂಡತಿಯ ಹೆಸರು, ತೀರಿಹೋದ ಹೆಂಡತಿ. ಎಡಗಾಲಲ್ಲಿ ಒದೆಯುವ ಹುಡುಗ ಇವತ್ತು ಆಟಕ್ಕೆ ಎದ್ದ, ನೋಡಿದೆಯಾ ಡೋರೀನ್. ದೊಡ್ಡ ಕಂಬಗಳ ನಡುವೆ ಹೋದರೆ ಆರು ಅಂಕ, ತಪ್ಪಿ ಪಕ್ಕಕ್ಕೆ ಹೋದರೂ ಒಂದು, ಇಂಥ ದಯೆಯ ಆಟ ಬೇರೆ ಯಾವುದಿದೆ ಡೋರೀನ್. ಮಳೆ, ಸೋಲು, ಚಹಾ ಆರಿಹೋಯಿತು ಡೋರೀನ್. ಮೊದಲ ಸಲ ಓದಿದಾಗ ಅವಳ ಬೆರಳು ಗುಂಡಿಯ ಮೇಲೇ ನಿಂತಿತ್ತು, ಎಂಟು ಸೆಕೆಂಡು ಹೋಯಿತು, ಹನ್ನೆರಡು ಹೋಯಿತು, ಇದು ಅಂಕಿತವಲ್ಲದೆ ಇನ್ನೇನು, ಮಾತು ಯಾರ ಕಡೆ ಹೊರಟಿದೆ ಎಂದು ಎಲ್ಲರೆದುರು ಹೇಳುವ ಒಬ್ಬ ಮನುಷ್ಯ, ಅಲ್ಲಿಂದ ಮೇಲೆ ನೀಲಿಯವರ ಪಂದ್ಯ ಬಂತೆಂದರೆ ಅವನಿಗಾಗಿ ಕಾದಿದ್ದಾಳೆ, ಯಾರಿಗೂ ಹೇಳಿಲ್ಲ, ಹೇಳಿದರೆ ಯಶೋಧರಾ ಬಿಡುತ್ತಾಳೆಯೇ, ಏನಕ್ಕಾ, ಮುದುಕನ ಮ್ಯಾಲ ಮನಸಾಗ್ಯಾದೇನು?

ಎರಡನೆಯ ಕಾಲಾಟ ಮುಗಿದಾಗ ನೀಲಿಯವರು ಐವತ್ತು ಅಂಕ ಹಿಂದಿದ್ದರು, ಮೂರನೆಯದು ಮುಗಿಯುವ ಹೊತ್ತಿಗೆ ತೊಂಬತ್ತು ದಾಟಿತು, ಇಂಥದ್ದನ್ನು ಅವಳು ನೋಡಿರಲಿಲ್ಲ, ಸಾಲುಗಳು ಬೈಗಳ ಹಂತವನ್ನೂ ದಾಟಿ ಒಂದು ಥರದ ಅಳುವಿಗೆ ಬಂದಿದ್ದವು, ಬಾಗಿಲು ಹಾಕ್ಕೊಂಡು ಕುಂತೀನಿ ಮಕ್ಕಳು ನೋಡಬಾರದಂತ, ಅಪ್ಪನ ಕಾಲದಿಂದ ಈ ಅಂಗಿ ಹಾಕ್ಕೋಂತ ಬಂದೀವಿ ಏನ್ ಪಡದೀವಿ, ಟಿವಿ ಆರಿಸೀನಿ ಆದ್ರೂ ಪಕ್ಕದ ಮನಿಯಿಂದ ಕೇಳಸ್ಲಿಕತ್ತದ — ಇರಲಿ ಇರಲಿ ಇರಲಿ — ಬೇಲಿಕಂಬ ಮಾತ್ರ ಇನ್ನೂ ಬಂದಿಲ್ಲ, ಆರು ತಿಂಗಳ ಮೇಲೆ ಮೊದಲ ಪಂದ್ಯ, ಬರದೇ ಇರುತ್ತಾನೆಯೇ, ಕೆಳಗೆ ಅಂಗಡಿಯಲ್ಲಿ ಯಾರೋ ಚೀಲ ಎತ್ತಿ ಹಾಕಿದರು, ಧೂಳಿನ ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬಂತು, ಆಗ ಬಂದ. ಹುಲ್ಲು ಕತ್ತರಿಸಿ ಮುಗಿಸಿದೆ, ನಾಯಿಯನ್ನು ಪಕ್ಕದ ಮನೆಗೆ ಬಿಟ್ಟೆ, ಬರುವವರಿಗೆ ತೊಂದರೆಯಾಗದಂತೆ ಗೇಟಿನ ಬೀಗ ತೆಗೆದಿಟ್ಟಿದ್ದೇನೆ. ಚೆನ್ನಾಗಿ ಆಡಿದಿರಿ ಹುಡುಗರೇ. ಅಷ್ಟೇ. ಅವಳ ಕಿವಿ ಕಾಯುತ್ತ ನಿಂತಿತು. ಚೆನ್ನಾಗಿ ಆಡಿದಿರಿ ಹುಡುಗರೇ, ಆಮೇಲೆ? ತೊಂಬತ್ತು ಅಂಕದಿಂದ ಸೋಲುತ್ತಿರುವವರಿಗೆ ಚೆನ್ನಾಗಿ ಆಡಿದಿರಿ, ಆಮೇಲೆ? ಡೋರೀನ್ ಇಲ್ಲ, ಮರೆತನೇ, ಎರಡು ವರ್ಷದಲ್ಲಿ ಒಮ್ಮೆಯೂ ಮರೆಯದವನು, ಅಥವಾ ಅವಳಿಗೆ ಇಲ್ಲಿಂದ ಹೇಳುವ ಅಗತ್ಯ ಇನ್ನಿಲ್ಲವೇ, ಅವಳಿದ್ದಲ್ಲಿಗೇ — ಐದು, ಆರು, ಏಳು — ಬೈಗಳಿಲ್ಲ, ಬೆದರಿಕೆಯಿಲ್ಲ, ಸಾಯುತ್ತೇನೆಂದಿಲ್ಲ, ಯಾವ ನಿಯಮಕ್ಕೂ ಸಿಗುವುದಿಲ್ಲ, ಒಂದು ಹೆಸರು ಇಲ್ಲವೆಂದು ಯಾರಾದರೂ ಮೇಲಕ್ಕೆ ಕಳಿಸುತ್ತಾರೆಯೇ, ಕಳಿಸಿದರೆ ಹೈದರಾಬಾದಿನ ಆಫೀಸಿನವರು ಅಲ್ಲಿಯ ಪೊಲೀಸರಿಗೆ ತಿಳಿಸುತ್ತಾರೆ, ಏನೆಂದು ತಿಳಿಸುವುದು, ಹುಲ್ಲು ಕತ್ತರಿಸಿದ್ದಾನೆಂದೇ, ನೀ ಎಷ್ಟು ಮಂದಿಗಿ ಅಳತಿ ತಂಗಿ. ಇರಲಿ. ಒತ್ತಿದಳು.

ಅದರ ಕೆಳಗೆ ಮಂದಿ ನಗತೊಡಗಿದರು, ಕಾಕಾ ನಮ್ಮ ಮನಿ ಹುಲ್ಲೂ ಬೆಳದಾದ ಬರ್ರಿ, ಗೇಟ್ ತೆರದಿಟ್ಟರ ಟ್ರೋಫಿ ತಾನ ಒಳಗ ಬರ್ತದೇನ್ರೀ, ಇರಲಿ, ಇರಲಿ, ನಗಲಿ, ಅವರು ನಕ್ಕದ್ದಕ್ಕೆ ಅವಳಿಗೂ ಧೈರ್ಯ ಬಂತು, ಇಷ್ಟು ಜನಕ್ಕೆ ಏನೂ ಅನ್ನಿಸಿಲ್ಲ, ಅವರವರ ಮಾತು ಅವರಿಗೆ ಗೊತ್ತಿರುತ್ತದೆ, ಚಿಂಚೋಳಿ ದಾಟಿ ಬೇರೆ ಊರು ನೋಡದವಳು ತಾನು, ಮನಸ್ಸು ಹಾಗೆ ತನ್ನನ್ನು ತಾನೇ ತಟ್ಟಿ ಮಲಗಿಸುತ್ತಿರುವಾಗ ಬೆರಳು ಮುಂದೆ ಹೋಗುತ್ತಿತ್ತು, ಇರಲಿ, ಇರಲಿ, ಆಗ ಒಂದು — ಬೇಲಿಕಂಬನ ಮನೆ ಯಾರಿಗಾದರೂ ಗೊತ್ತೇ, ಊರು, ಬೀದಿ, ಏನಾದರೂ, ಬೇಗ ಹಾಕಿ — ನಾಲ್ಕನೆಯ ನಿಯಮ, ಒಬ್ಬರ ಮನೆಯ ವಿಳಾಸ ಕೇಳುವಂತಿಲ್ಲ, ತೆಗೆ. ಒತ್ತಿಬಿಟ್ಟಿದ್ದಳು. ಓದಿದ್ದು ಒತ್ತಿದ ಮೇಲೆ. ಸಾಲು ಬೂದಿಬಣ್ಣಕ್ಕೆ ತಿರುಗಿತು, ಒಂದು ಕ್ಷಣ ಹಾಗೇ ನಿಂತಿತು, ಓದಲು ಬರುವಂತೆ, ಆಮೇಲೆ ಇಲ್ಲವಾಯಿತು, ಕೆಳಗಿನ ಸಾಲು ಮೇಲೆ ಸರಿದು ಆ ಜಾಗ ತುಂಬಿತು. ಸಾವಿರಾರು ಜನರಲ್ಲಿ ಒಬ್ಬರು ಕೇಳಿಸಿಕೊಂಡಿದ್ದರು, ಒಬ್ಬರೇ, ಅವರ ಬಾಯಿಗೆ ತಾನು — ಸರ, ಸರ, ಇಲ್ಲಿ ಬರ್ರಿ, ಅವಳು ಕೂಗಿ ಬೇಲಿಕಂಬನ ಸಾಲು ತೋರಿಸಿದಳು. ಶರಣಕುಮಾರ ಬಗ್ಗಿ ನೋಡಿದ, ಎರಡು ಸಲ ಓದಿದ, ನಗಲಿಲ್ಲ. ಯಾಕ ಅನ್ನಿಸ್ತು ನಿನಗ? ಹೆಣ್ತಿ ಹೆಸರಿಲ್ರೀ ಸರ, ಕೊನಿಗಿ ಆಕಿ ಹೆಸರು ಬರೀತಾರ ಯಾವಾಗ್ಲೂ. ಹೆಸರಿಲ್ಲಂತ ಕಂಡಿತ್ತಾ? ಕಂಡಿತ್ರೀ. ಕಂಡೂ ಇರಲಿ ಒತ್ತಿದಿ? ಒತ್ತಿದ್ನಿರೀ. ಅವನು ಕೀಬೋರ್ಡು ತನ್ನ ಕಡೆ ಎಳೆದುಕೊಂಡ, ಮ್ಯಾಲ ನಾ ಕಳಸ್ತೀನಿ ಈಗ, ಆದ್ರ ಇರಲಿ ಅಂದಿದ್ದು ತಿರುಗಿ ಕಳಸಿದ್ರ ಅದು ಬ್ಯಾರೆ ಪಾಳಿಯಾಗ ಹೋಗ್ತದ ತಂಗಿ, ಲಗೂ ನೋಡೂದಿಲ್ಲ ಅವರು. ಮುದುಕರ ಮನಿ ಎಲ್ಲದ ಅಂತ ಒಬ್ರು ಕೇಳಿದ್ರು, ಅದನ್ನ ತೆಗದಬಿಟ್ಟೀನ್ರಿ, ತಿರುಗಿ ತರ್ರಿ ಸರ ಆ ಸಾಲು, ಅವರು ಇನ್ನೊಮ್ಮಿ ಕೇಳ್ತಾರ. ನಾಲ್ಕನೇ ನಿಯಮದಾಗ ತೆಗದ್ರ ಅವರ ಖಾತಿ ಒಂದು ದಿನ ಬಂದ್ ಆಗ್ತದವಾ. ಕೇಳೂಕ ಬರೂದಿಲ್ಲ ಅವರಿಗಿ.

ಫೋನುಗಳನ್ನು ಒಳಬರುವಾಗಲೇ ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಇಡಬೇಕು, ಅವಳು ಎದ್ದು ತನ್ನದನ್ನು ತೆಗೆದುಕೊಂಡಳು, ಯಾರೂ ತಡೆಯಲಿಲ್ಲ, ಬರಿಗಾಲಲ್ಲಿ ಮೆಟ್ಟಿಲ ಮೇಲೆ ನಿಂತು ಆ ಪುಟ ತೆರೆದಳು, ತಾನೇ ಬರೆಯುತ್ತಾಳೆ, ಯಾರಾದರೂ ಹೋಗಿ, ಗೇಟು ತೆರೆದಿದೆ ಅಂತೆ ಹೋಗಿ, ಸದಸ್ಯರಿಗೆ ಮಾತ್ರ ಎಂದಿತು, ನಿಮ್ಮ ದೇಶಕ್ಕೆ ಸೌಲಭ್ಯವಿಲ್ಲ ಎಂದಿತು, ಎರಡು ವರ್ಷ ಅವರ ಮಾತುಗಳ ನಡುವೆ ಕೂತವಳಿಗೆ ಒಂದು ಮಾತು ಹಾಕಲು ಜಾಗವಿಲ್ಲ, ಬಿಸಿಲು ಗೋಡೆಗೆ ಬಡಿದು ಮುಖಕ್ಕೆ ಬಂತು, ಹಿಂದೆ ಬಂದ ಯಶೋಧರಾ ತೋಳು ಹಿಡಿದು, ಬಾ ಅಕ್ಕಾ, ಏನೂ ಆಗಿರೂದಿಲ್ಲ, ಮುದುಕ ಹುಲ್ಲು ಕೊಯ್ದು ಮಲಗಿರ್ತಾನ. ಒಳಗೆ ಬಂದಾಗ ಪಂದ್ಯ ಮುಗಿದಿತ್ತು, ನೂರಾ ಹನ್ನೊಂದು ಅಂಕದ ಸೋಲು, ಸೋಲಿನ ಮಾತುಗಳು ಹರಿಯುತ್ತಿದ್ದವು, ಇನ್ನ ನೋಡೂದಿಲ್ಲ, ಖರೇನೇ ನೋಡೂದಿಲ್ಲ, ಬೆಂಕಿ ಹಚ್ರಿ ಎಲ್ಲಾದಕ್ಕೂ, ಅವಳು ಕೂತಳು, ಬೆರಳಿಟ್ಟಳು, ಯಾವ ಸಾಲು ಬಂದರೂ ಅದು ಬೂದಿಬಣ್ಣಕ್ಕೆ ತಿರುಗುತ್ತಿರುವಂತೆ ಕಾಣುತ್ತಿತ್ತು, ಇವಳು ಏನೂ ಒತ್ತಿಲ್ಲ, ಆದರೂ ಬೂದಿ, ಕಣ್ಣು ಮುಚ್ಚಿದರೆ ಅಲ್ಲೂ, ಅದೇ ಸಾಲು, ಊರು, ಬೀದಿ, ಏನಾದರೂ, ಕಪ್ಪಗಿದ್ದದ್ದು ಬೂದಿಯಾಗುತ್ತದೆ, ನಿಲ್ಲುತ್ತದೆ, ಓದಲು ಬರುವಷ್ಟು ಹೊತ್ತು ನಿಲ್ಲುತ್ತದೆ, ಬೇಗ ಹಾಕಿ, ಬೇಗ, ಕೆಳಗಿನ ಸಾಲು ಮೇಲೆ ಸರಿಯುತ್ತದೆ — ಮತ್ತೆ ಕಪ್ಪು, ಮತ್ತೆ ಬೂದಿ, ಓದಲು ಬರುವಷ್ಟು ಹೊತ್ತು — ಮತ್ತೆ ಬೂದಿ —