ಜಾಹೀರಾತಿನ ಕೊನೆಯ ಮಾತು

ರೇಡಿಯೋದಲ್ಲಿ ಅಕ್ಕನ ದನಿ ಬಂದರೆ ಸಾಕು, ಅಮ್ಮ ಹೊಲಿಗೆ ಮೆಷಿನ್ನಿನ ಪೆಡಲ್ಲಿನಿಂದ ಕಾಲು ತೆಗೆದುಬಿಡುತ್ತಿದ್ದಳು. ಅಳತೆ ಕೊಡಲು ಬಂದವರು ಯಾರೇ ಇರಲಿ, ಕೈಯೆತ್ತಿ ಸುಮ್ಮನಿರಿಸುತ್ತಿದ್ದಳು. "ಶ್! ನಮ್ಮ ದೊಡ್ಡವಳು ಬಂದ್ಲು."

ಬರುತ್ತಿದ್ದುದು ನೋವಿನ ಮಾತ್ರೆಯ ಜಾಹೀರಾತು. ದಪ್ಪ ಗಂಟಲಿನ ಗಂಡಸೊಬ್ಬ ಮಂಡಿನೋವು, ಸೊಂಟನೋವು ಎಲ್ಲ ಮಂಗಮಾಯ ಎಂದು ಆರಾಮಾಗಿ ಹೇಳುತ್ತಿದ್ದ. ಆಮೇಲೆ ಒಂದಿಷ್ಟು ಸಂಗೀತ. ಕಟ್ಟಕಡೆಗೆ ನಮ್ಮಕ್ಕನ ಒಂದೇ ಒಂದು ಮಾತು. ಹೇಳುತ್ತಿದ್ದಳು ಅನ್ನುವುದಕ್ಕಿಂತ, ಹೊರಟುಹೋಗುತ್ತಿರುವ ಬಸ್ಸು ಹಿಡಿಯುವವಳ ಹಾಗೆ ಓಡುತ್ತಿದ್ದಳು ಅನ್ನಬೇಕು.

"ಏನಂದ್ಲಮ್ಮ ನಿಮ್ಮ ಮಗಳು?" ಎಂದು ಗಿರಾಕಿ ಕೇಳಿದರೆ, "ಏನೋ ಒಳ್ಳೇದೇ ಅಂದಿರ್ತಾಳೆ ಬಿಡಿ" ಎಂದು ಹಿಗ್ಗುತ್ತ ಅಮ್ಮ ಮತ್ತೆ ಪೆಡಲ್ ತುಳಿಯುತ್ತಿದ್ದಳು. ಪಕ್ಕದಲ್ಲೇ ಬಟ್ಟೆ ಕತ್ತರಿಸುತ್ತ ಕೂತಿರುತ್ತಿದ್ದ ನನಗೂ ಒಂದಕ್ಷರ ಕಿವಿಗೆ ಹತ್ತುತ್ತಿರಲಿಲ್ಲ.

ಆ ಮಾತ್ರೆಗೆ ಡಾಕ್ಟರ ಚೀಟಿ ಬೇಕಿರಲಿಲ್ಲ. ಸೋಪು, ಬೆಂಕಿಪೊಟ್ಟಣ ಮಾರುವ ಅಂಗಡಿಯಲ್ಲೂ ಸಿಗುತ್ತಿತ್ತು. ಆಯುಷ್ಯವೆಲ್ಲ ಮೆಷಿನ್ ತುಳಿದ ಮಂಡಿ ಅಮ್ಮನದು. ಊಟವಾದ ಮೇಲೊಂದು, ಮಲಗುವ ಮುಂಚೆ ಒಂದು. "ನನ್ನ ಮಗಳ ಮಾತ್ರೆ" ಎಂದೇ ನುಂಗುತ್ತಿದ್ದಳು. ಪಟ್ಟಣದ ಆ ತುದಿಗೆ ಮದುವೆಯಾಗಿ ಹೋದ ಅಕ್ಕ ಬಂದಾಗ ಮಾತ್ರ ಮಂಡಿಯ ಸುದ್ದಿ ಎತ್ತುತ್ತಿರಲಿಲ್ಲ. ಮಗಳಿಗೆ ಯಾಕೆ ಸುಮ್ಮನೆ ಚಿಂತೆ ಅಂತ.

ಕಾಲು ಊದಿಕೊಂಡು ಆಸ್ಪತ್ರೆಗೆ ಸೇರಿಸಿದಾಗ ಅಕ್ಕನೂ ಓಡಿ ಬಂದಳು. ಕಿಡ್ನಿ ಎರಡೂ ಕೈಕೊಟ್ಟಿವೆ ಎಂದರು ಡಾಕ್ಟರು. ಮಾತ್ರೆಯ ಹೆಸರು ಕೇಳಿದ್ದೇ ತಡ, ಅವರ ಮುಖ ಗಂಟಿಕ್ಕಿತು.

"ನಿಮ್ಮ ಹಾಗೆ ಬಿಪಿ ಇರೋರು ಇದನ್ನ ಮುಟ್ಟಲೇಬಾರದು. ಬೇರೆಯವರೂ ಮೂರು ದಿನಕ್ಕಿಂತ ಜಾಸ್ತಿ ತಗೋಬಾರದು, ಕಿಡ್ನಿ ಹೋಗುತ್ತೆ. ರೇಡಿಯೋದಲ್ಲಿ ದಿನಾ ಹೇಳ್ತಾರಲ್ಲ, ಕೇಳಿಸಿಕೊಳ್ಳೋದಿಲ್ವೇನಮ್ಮ ನೀವು?"

"ಅಯ್ಯೋ, ಅದನ್ನ ಹೇಳೋದೇ ನನ್ನ ಮಗಳು ಡಾಕ್ಟ್ರೇ!" ಎಂದಳು ಅಮ್ಮ. ಆ ಸ್ಥಿತಿಯಲ್ಲೂ ಅವಳ ದನಿಯಲ್ಲಿ ಜಂಬವಿತ್ತು. ಮಂಚದ ಪಕ್ಕ ನಿಂತಿದ್ದ ಅಕ್ಕ ಹೊರಗೆ ನಡೆದುಬಿಟ್ಟಳು.

ವರಾಂಡಕ್ಕೆ ಬಂದಾಗ ನನ್ನ ಪಿತ್ತ ನೆತ್ತಿಗೇರಿತ್ತು. "ಬಾಯಲ್ಲಿ ಕೆಂಡ ಇಟ್ಕೊಂಡು ಹೇಳಿದ್ಯೇನೇ? ಒಂಚೂರು ನಿಧಾನವಾಗಿ ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

ಅಕ್ಕ ಅಳಲಿಲ್ಲ. ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಇಂಥ ಜಾಹೀರಾತಿಗೆ ಎಚ್ಚರಿಕೆ ಸೇರಿಸಬೇಕು ಅನ್ನುವ ಕಾನೂನು ಆಗಿನ್ನೂ ಬಂದಿರಲಿಲ್ಲವಂತೆ. ಔಷಧ ಕಂಪನಿಗಳ ಸಂಘದವನು ಎಂದು ಹೇಳಿಕೊಂಡು ಒಬ್ಬ ನಯವಾದ ಮನುಷ್ಯ ಅವಳು ದನಿ ಕೊಡುತ್ತಿದ್ದ ಸ್ಟುಡಿಯೋಕ್ಕೆ ಬಂದಿದ್ದ. ಸುಮ್ಮನೆ ಒಂದು ಪ್ರಯೋಗ ಎಂದು ಆ ಒಂದು ವಾಕ್ಯವನ್ನು ಮತ್ತೆ ಮತ್ತೆ ಓದಿಸಿದ. ಇನ್ನೂ ಬೇಗ, ಇನ್ನೂ ಬೇಗ. ಅವನಿಗೆ ಒಪ್ಪಿಗೆಯಾದ ಟೇಪನ್ನು ತಗೊಂಡು ಹೋದ. ಕಾನೂನಿನ ಮೊದಲ ಕರಡಿನಲ್ಲಿ 'ನಿಧಾನವಾಗಿ, ಸ್ಪಷ್ಟವಾಗಿ ಹೇಳಬೇಕು' ಎಂದಿತ್ತು, ಪೇಪರಿನಲ್ಲೂ ಬಂದಿತ್ತು. ಕಾನೂನು ಹೊರಬಂದಾಗ 'ನಿಧಾನ' ಮಾಯವಾಗಿತ್ತು, ಜಾಹೀರಾತಿಗೂ ಅವಳಿಂದ ಅದೇ ವೇಗದಲ್ಲಿ ಓದಿಸಿದರು.

"ಆ ಟೇಪು ಎಲ್ಲಿಗೆ ಹೋಯ್ತು ಅಂತ ನಂಗೆ ಗೊತ್ತಾಗ್ಬೇಕು ಕಣೇ," ಅಂದಳು ಅಕ್ಕ. "ಅಮ್ಮನ್ನ ನಾನೇ ಹಾಳು ಮಾಡಿದ್ನಾ, ಇಲ್ಲ ನನ್ನನ್ನ ಯಾರಾದ್ರೂ ಉಪಯೋಗಿಸ್ಕೊಂಡ್ರಾ, ಅಷ್ಟು ಗೊತ್ತಾದ್ರೆ ಸಾಕು."

ಕಾನೂನಿನ ಕರಡು ನೋಡಿದ್ದು ಆರೋಗ್ಯ ಸಮಿತಿ. ಅದರ ಕಾರ್ಯದರ್ಶಿಗಳ ಕೋಣೆಗೆ ನಾವಿಬ್ಬರೂ ಹೋದೆವು. ಮೆತ್ತನೆ ಮಾತಿನ ಮನುಷ್ಯ. ನೀರು ಕೊಡಿಸಿದರು, ಅಮ್ಮನ ಆರೋಗ್ಯ ವಿಚಾರಿಸಿದರು, ಆಮೇಲೆ ಕೈ ತೊಳೆದುಕೊಂಡರು.

"ಸಮಿತಿ ಯಾರನ್ನ ಕರೆಸ್ತು, ಅವರು ಏನು ಹೇಳಿದ್ರು, ಅದೆಲ್ಲ ಒಳಗಿನ ವಿಷಯಮ್ಮ. ಹೊರಗೆ ಹೇಳ್ಬೇಕು ಅಂತ ನಿಯಮ ಇಲ್ಲ."

"ಹೇಳ್ಬಾರದು ಅಂತ ಇದ್ಯಾ?" ನಾನು ಬಿಡಲಿಲ್ಲ.

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ನನ್ನ ದನಿ ಹಾಕಿ ಕೇಳಿಸಿದ್ರಾ ಸಾರ್?" ಅಕ್ಕ ಮೆಲ್ಲಗೆ ಕೇಳಿದಳು.

"ಓ, ಅದು ನಿಮ್ಮ ದನೀನಾ!" ಅವರಿಗೆ ನಿಜವಾಗಿ ಖುಷಿಯಾಯಿತು. "ಎಷ್ಟು ಸ್ಪಷ್ಟವಾಗಿತ್ತು ಗೊತ್ತಾ? ಇಷ್ಟು ಬೇಗ ಹೇಳಿದ್ರೂ ಅರ್ಥ ಆಗುತ್ತಲ್ಲ ಅಂತ ಎಲ್ಲರೂ ಒಪ್ಪಿಬಿಟ್ರು. ಮುಂಚೇನೇ ನಮ್ಮ ಮುಂದೆ ಒಂದೊಂದು ಹಾಳೆ ಇಟ್ಟಿದ್ರು, ಆ ವಾಕ್ಯ ಬರೆದು. ನೋಡ್ಕೊಂಡು ಕೇಳಿದ್ವಿ. ಒಂದು ಪದಾನೂ ತಪ್ಪಲಿಲ್ಲ."

ಅಕ್ಕ ಉಸಿರೆಳೆದುಕೊಂಡು, ಅದೇ ವೇಗದಲ್ಲಿ, ಅದೇ ರೇಡಿಯೋ ದನಿಯಲ್ಲಿ ಏನೋ ಒಂದು ವಾಕ್ಯ ಹೇಳಿದಳು.

"ಏನಂದ್ರಿ?" ಅವರ ಕೈ ತನ್ನಷ್ಟಕ್ಕೆ ಮೇಜಿನ ಮೇಲೆ ತಡಕಾಡಿತು.

"ಹಾಳೆ ಇಲ್ಲ ಸಾರ್," ಅಂದಳು ಅಕ್ಕ. "ನಮ್ಮಮ್ಮನ ಮುಂದೇನೂ ಇರಲಿಲ್ಲ."

ನಾವು ಬಾಗಿಲು ದಾಟುವಾಗ ಹಿಂದಿನಿಂದ ಅವರು, "ಈಗ ನಾನು ಹೇಳಿದ್ದನ್ನ ಹೇಳಿಲ್ಲ ಅಂದ್ಕೊಂಡುಬಿಡಿಯಮ್ಮ" ಎಂದರು. ಪೇಪರಿನವರ ಹತ್ತಿರ ಹೋದೆವು. ಸಭೆಗೆ ಯಾರು ಬಂದಿದ್ದರು ಅನ್ನುವುದಕ್ಕೆ ಆಧಾರ ತನ್ನಿ, ಬರೆಯುತ್ತೇವೆ ಎಂದರು. ಆಧಾರವನ್ನು ಕೊಡದವರ ಬಳಿಯೇ ಆಧಾರವಿದ್ದರೆ ಎಲ್ಲಿಂದ ತರುವುದು? ಅಕ್ಕ ಸ್ಟುಡಿಯೋ ಬಿಟ್ಟಳು. ಅವಳು ಬಿಟ್ಟರೂ ಅವಳ ದನಿಯನ್ನು ಮಾತ್ರೆ ಕಂಪನಿಯವರು ಬಿಡಲಿಲ್ಲ. ನಮ್ಮ ಹೊಲಿಗೆ ಅಂಗಡಿಯಲ್ಲಿ ನಾನು ರೇಡಿಯೋ ಹಚ್ಚುವುದು ನಿಲ್ಲಿಸಿದೆ.

ಆಸ್ಪತ್ರೆಯ ರೇಡಿಯೋ ನಿಲ್ಲಿಸುವುದು ನನ್ನ ಕೈಲಿರಲಿಲ್ಲ. ಮೊನ್ನೆ ಅಮ್ಮ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದಾಗ ಅದು ಬಂತು. ಅವಳು ಇನ್ನೊಂದು ಕೈಯನ್ನು ಕಷ್ಟಪಟ್ಟು ಎತ್ತಿ ನರ್ಸನ್ನು ಸುಮ್ಮನಿರಿಸಿದಳು. ಗಂಡಸು ಹೇಳಿದ, ಸಂಗೀತ ಬಂತು, ಅಕ್ಕ ಓಡಿಹೋದಳು.

"ಈ ಸಲಾನೂ ಗೊತ್ತಾಗ್ಲಿಲ್ಲ ನೋಡು," ಎಂದು ನಕ್ಕಳು ಅಮ್ಮ.

ಅಕ್ಕ ದಿಂಬಿನ ಹತ್ತಿರ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. ಬಿಪಿ ಇದ್ದವರು ಈ ಮಾತ್ರೆ ನುಂಗಬಾರದು. ಮೂರು ದಿನಕ್ಕಿಂತ ಹೆಚ್ಚು ಯಾರೂ ನುಂಗಬಾರದು. ನುಂಗಿದರೆ ಕಿಡ್ನಿ ಹಾಳಾಗುತ್ತದೆ. ಒಂದೊಂದೇ ಪದ, ಮಗುವಿಗೆ ತುತ್ತು ಕೊಡುವ ಹಾಗೆ.

ಅಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

"ಎಷ್ಟು ಚೆನ್ನಾಗಿ ಹೇಳ್ತೀಯ," ಅಂದಳು. "ಅಲ್ಲಿ ಯಾಕೆ ಹೀಗೆ ಹೇಳ್ಲಿಲ್ಲ ಮಗಳೇ?"

ಅಕ್ಕ ಅವಳ ಹೊದಿಕೆ ಸರಿಮಾಡಿದಳು, ಸರಿಮಾಡುತ್ತಲೇ ಇದ್ದಳು.